ಫ್ರಿಜ್ ಬಾಗಿಲಿನ ಡಿಸ್‌ಪ್ಲೇ ಆಗಾಗ ಆರಿಹೋಗುತ್ತಿದೆ, ಕೂಲಿಂಗ್ ಸರಿ ಇದೆ. ಬೋರ್ಡ್ ಬದಲಿಸಲೇಬೇಕಾ?

ಪಂಚಗಂಗಾವಳಿ (ಕುಂದಾಪುರ)

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ನಮ್ಮದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಮೇಲೆ ಫ್ರೀಜರ್, ಕೆಳಗೆ ಫ್ರಿಜ್. ಇನ್ವರ್ಟರ್ ಕಂಪ್ರೆಸರ್. ತಗೊಂಡು ಐದನೇ ವರ್ಷ ನಡೆಯುತ್ತಿದೆ. ವಾರಂಟಿ ಈಗ ಕಂಪ್ರೆಸರ್‌ಗೆ ಮಾತ್ರ ಉಳಿದಿದೆ. ಫ್ರೀಜರ್ ಬಾಗಿಲಿನ ಹೊರಗಡೆ ಟಚ್ ಪ್ಯಾನೆಲ್ ಇದೆ. ಎಡಕ್ಕೆ ಬಲಕ್ಕೆ ಅಂಕಿಗಳು, ನಡುವೆ ಬಟನ್‌ಗಳು.

ಮಳೆಗಾಲ ಶುರುವಾದಾಗಿನಿಂದ ಈ ಪ್ಯಾನೆಲ್ ಕೈಕೊಡುತ್ತಿದೆ. ಒಮ್ಮೆ ಅಂಕಿ ಮಂಕಾಗುತ್ತದೆ, ಒಮ್ಮೆ ಪೂರ್ತಿ ಕಪ್ಪು. ತಾನಾಗಿಯೇ ವಾಪಸ್ ಬರುತ್ತದೆ. ವಾಪಸ್ ಬರುವಾಗ ಒಂದು ಬೀಪ್ ಆಗಿ ಎಲ್ಲ ಕಡೆ 88 ತೋರಿಸಿ ಆಮೇಲೆ ಸರಿಯಾದ ಅಂಕಿಗೆ ಬರುತ್ತದೆ. ಕಪ್ಪಾಗಿರುವಾಗ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಆದರೆ ಒಳಗಿನ ಲೈಟ್ ಉರಿಯುತ್ತದೆ, ಐಸ್ ಆಗುತ್ತದೆ, ಹಾಲು ಮೊಸರು ಎಲ್ಲ ಚೆನ್ನಾಗಿಯೇ ಇದೆ.

ಸರ್ವಿಸ್‌ನವರನ್ನು ಕರೆಸಿದೆವು. ಬಂದವರು ಬಾಗಿಲು ಮುಟ್ಟಿ ನೋಡಿ, ಡಿಸ್‌ಪ್ಲೇ ಬೋರ್ಡ್ ಹೋಗಿದೆ, ಅದರ ಜೊತೆ ಹಿಂದಿನ ಮೇನ್ ಬೋರ್ಡೂ ಹಾಕಬೇಕು, ಎರಡೂ ಸೇರಿ ಒಂಬತ್ತು ಸಾವಿರದ ಮೇಲಾಗುತ್ತದೆ ಅಂದರು. ಯಾವ ಸ್ಕ್ರೂ ಕೂಡ ಬಿಚ್ಚಲಿಲ್ಲ. ದುಡ್ಡು ಕೊಡುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು. ಕೂಲಿಂಗ್ ಸರಿ ಇರುವಾಗ ಮೇನ್ ಬೋರ್ಡ್ ಹೋಗಿರಲು ಸಾಧ್ಯವಾ? ಹೀಗೇ ಬಳಸುತ್ತಿದ್ದರೆ ಏನಾದರೂ ಅಪಾಯ ಇದೆಯಾ?

ಕರಾವಳಿಗ

ಅಕ್ಕ, ಮೊದಲು ಸುಲಭದ್ದು ನೋಡಿ. ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಸುಮ್ನೆ ಸ್ವಿಚ್ ಆಫ್ ಆನ್ ಮಾಡಿದರೆ ಸಾಲದು, ಬೋರ್ಡ್‌ನಲ್ಲಿ ಉಳಿದ ಚಾರ್ಜ್ ಇಳಿಯಬೇಕು. ಕಂಪ್ರೆಸರ್‌ಗೂ ಗ್ಯಾಸ್ ಪ್ರೆಶರ್ ಸಮ ಆಗಲು ಸಮಯ ಬೇಕು.

ಇನ್ನೊಂದು, ಲಾಕ್ ಆಗಿದ್ದರೂ ಬಟನ್ ಕೆಲಸ ಮಾಡುವುದಿಲ್ಲ. ಬೀಗದ ಚಿತ್ರ ಇರುವ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಕೆಲವು ಮಾಡೆಲ್‌ಗಳಲ್ಲಿ ಕರೆಂಟ್ ಉಳಿಸಲು ಪ್ಯಾನೆಲ್ ತಾನಾಗಿ ಆರುತ್ತದೆ, ಬಾಗಿಲು ತೆಗೆದರೆ ಅಥವಾ ಮುಟ್ಟಿದರೆ ಬರುತ್ತದೆ. ಅದು ಕೆಟ್ಟಿದ್ದಲ್ಲ.

ಬೆಸುಗೆ_ಬಾಕ್ಸ್ (ದಾವಣಗೆರೆ)

ನಾನು ಫ್ರಿಜ್, ವಾಷಿಂಗ್ ಮೆಷಿನ್ ರಿಪೇರಿ ಮಾಡಿಯೇ ಜೀವನ ಮಾಡುವವನು. ಅಕ್ಕ, ಸದ್ಯಕ್ಕೆ ದುಡ್ಡು ಕೊಡಬೇಡಿ.

ಬಾಗಿಲಿನಲ್ಲಿರುವುದು ಬರೀ ಅಂಕಿ ತೋರಿಸುವ, ಬಟನ್ ಓದುವ ಸಣ್ಣ ಬೋರ್ಡ್. ಕಂಪ್ರೆಸರ್, ಫ್ಯಾನ್, ಕಟ್ಟಿದ ಐಸ್ ಕರಗಿಸುವ ಡಿಫ್ರಾಸ್ಟ್ ಹೀಟರ್ ನಡೆಸುವುದು ಹಿಂದುಗಡೆಯ ಮೇನ್ ಬೋರ್ಡ್. ಹೆಚ್ಚಿನ ಮಾಡೆಲ್‌ಗಳಲ್ಲಿ ನೀವು ಕೊನೆಯಲ್ಲಿ ಇಟ್ಟ ಸೆಟ್ಟಿಂಗ್ ಅದರ ನೆನಪಿನಲ್ಲೇ ಇರುತ್ತದೆ. ಹಾಗಾಗಿ ಪ್ಯಾನೆಲ್ ಸತ್ತರೂ ಫ್ರಿಜ್ ತಣ್ಣಗಿರುತ್ತದೆ. ನಿಮ್ಮಲ್ಲಿ ಕೂಲಿಂಗ್ ಏರುಪೇರಿಲ್ಲದೆ ನಡೆಯುತ್ತಿದೆ ಅಂದರೆ ಮೇನ್ ಬೋರ್ಡ್ ತನ್ನ ಕೆಲಸ ಮಾಡುತ್ತಿದೆ. ಪ್ಯಾನೆಲ್‌ಗೆ ಕರೆಂಟ್ ಕೊಡುವ ಭಾಗ ಒಂದೇ ಹೋಗಿರುವುದೂ ಉಂಟು, ಆದರೆ ಅಳೆದು ನೋಡದೆ ಹಾಗೆ ಹೇಳಲು ಬರುವುದಿಲ್ಲ.

ನೀವು ಬರೆದದ್ದರಲ್ಲಿ ಒಂದು ಮಾತು ತುಂಬಾ ಮುಖ್ಯ. ವಾಪಸ್ ಬರುವಾಗ ಬೀಪ್ ಆಗಿ 88 ತೋರಿಸುತ್ತದೆ ಅಂದಿರಿ. ಹೊಸದಾಗಿ ಕರೆಂಟ್ ಸಿಕ್ಕಾಗ ಪ್ಯಾನೆಲ್ ಹಾಗೆ ಎಲ್ಲ ಗೆರೆಗಳನ್ನೂ ಒಮ್ಮೆ ಉರಿಸಿ ನೋಡಿಕೊಳ್ಳುತ್ತದೆ. ಅಂದರೆ ಪ್ಯಾನೆಲ್‌ಗೆ ಹೋಗುವ ಕರೆಂಟ್ ಕಡಿದು ಕಡಿದು ಬರುತ್ತಿದೆ. ಕಂಪ್ರೆಸರ್ ಮಾತ್ರ ನಿಲ್ಲುತ್ತಿಲ್ಲ. ಹಾಗಾದರೆ ತೊಂದರೆ ಇರುವುದು ಮೇನ್ ಬೋರ್ಡ್‌ನಿಂದ ಬಾಗಿಲಿನವರೆಗಿನ ದಾರಿಯಲ್ಲಿ.

ಒಂದು ಕೆಲಸ ಮಾಡಿ. ಫ್ರೀಜರ್ ಬಾಗಿಲನ್ನು ನಿಧಾನಕ್ಕೆ ತೆಗೆಯಿರಿ, ನಿಧಾನಕ್ಕೆ ಹಾಕಿ. ಕಣ್ಣು ಪ್ಯಾನೆಲ್ ಮೇಲೇ ಇರಲಿ. ಯಾವ ಕೋನದಲ್ಲಿ ಬರುತ್ತದೆ, ಯಾವ ಕೋನದಲ್ಲಿ ಹೋಗುತ್ತದೆ ನೋಡಿ ಹೇಳಿ.

ಪಂಚಗಂಗಾವಳಿ (ಕುಂದಾಪುರ)

ಕರಾವಳಿಗರೇ, ಪ್ಲಗ್ ತೆಗೆದು ಹಾಕಿ ನೋಡಿದೆ. ಸ್ವಲ್ಪ ಹೊತ್ತು ಸರಿ ಇತ್ತು, ಮತ್ತೆ ಅದೇ ಕಥೆ. ಲಾಕ್ ಚಿಹ್ನೆ ಇಲ್ಲ.

ಬೆಸುಗೆ ಅಣ್ಣ, ನೀವು ಹೇಳಿದ್ದು ನೋಡಿ ಆಶ್ಚರ್ಯವಾಯಿತು. ಬಾಗಿಲು ಮುಚ್ಚಿದಾಗ ಕಪ್ಪು. ಅರ್ಧ ತೆರೆದಾಗ ಬೀಪ್, 88, ಆಮೇಲೆ ಅಂಕಿ ಪಕ್ಕಾ ಬೆಳಕು. ಪೂರ್ತಿ ತೆರೆದರೆ ಮಿಣಮಿಣ ಅನ್ನುತ್ತದೆ. ಮುಚ್ಚಿದರೆ ಹೋಯಿತು. ನಮ್ಮ ಯಜಮಾನರು ಬಾಗಿಲ ಮೇಲ್ಗಡೆ ಮೂಲೆಯನ್ನು ಬೆರಳಲ್ಲಿ ಸ್ವಲ್ಪ ಒತ್ತಿ ಹಿಡಿದರೆ ಮುಚ್ಚಿದಾಗಲೂ ಬರುತ್ತದೆ!

ಬೆಸುಗೆ_ಬಾಕ್ಸ್ (ದಾವಣಗೆರೆ)

ಸಿಕ್ಕಿತು ಬಿಡಿ. ಬೋರ್ಡ್ ಕೆಟ್ಟಿದ್ದರೆ ಬಾಗಿಲಿನ ಕೋನ ನೋಡಿ ಆರುವುದಿಲ್ಲ. ಇದು ಹಿಂಜ್, ಅಂದರೆ ಬಾಗಿಲು ತಿರುಗುವ ಕೀಲಿನ ಹತ್ತಿರದ ವೈರ್. ಹೊರಗಡೆ ಡಿಸ್‌ಪ್ಲೇ ಇರುವ ಫ್ರಿಜ್‌ಗಳಲ್ಲಿ ನನ್ನ ಕೈಗೆ ಬರುವ ಪ್ಯಾನೆಲ್ ಕೇಸುಗಳಲ್ಲಿ ಇದೇ ಜಾಸ್ತಿ.

ಫ್ರಿಜ್ ತಲೆಯ ಮೇಲೆ, ಹಿಂಜ್ ಇರುವ ಕಡೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಒಳಗೆ ಒಂದು ಕನೆಕ್ಟರ್. ಅಲ್ಲಿಂದ ನಾಲ್ಕೈದು ತೆಳ್ಳಗಿನ ವೈರುಗಳು ಹಿಂಜ್‌ನ ಟೊಳ್ಳು ಪಿನ್ ಒಳಗಿಂದ ಬಾಗಿಲಿಗೆ ಇಳಿಯುತ್ತವೆ. ಬಾಗಿಲು ತೆಗೆದಾಗಲೆಲ್ಲ ಆ ವೈರುಗಳು ಅದೇ ಜಾಗದಲ್ಲಿ ಬಳುಕುತ್ತವೆ. ಮನೆಯ ಫ್ರಿಜ್ ದಿನಕ್ಕೆ ಎಷ್ಟು ಸಲ ತೆಗೆಯುತ್ತೇವೆ ಯೋಚನೆ ಮಾಡಿ. ವರ್ಷಗಳಾದ ಮೇಲೆ ಹೊರಗಿನ ಪ್ಲಾಸ್ಟಿಕ್ ಹಾಗೇ ಇರುತ್ತದೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ. ಕಣ್ಣಿಗೆ ವೈರ್ ಸರಿಯಾಗೇ ಕಾಣುತ್ತದೆ.

ಯಾವ ವೈರ್ ತುಂಡಾಗಿದೆ ಅನ್ನುವುದು ಲಕ್ಷಣದಲ್ಲೇ ತಿಳಿಯುತ್ತದೆ. ಕರೆಂಟ್ ವೈರ್ ಅಥವಾ ಗ್ರೌಂಡ್ ವೈರ್ ಆದರೆ ಪ್ಯಾನೆಲ್ ಪೂರ್ತಿ ಕಪ್ಪು, ನಿಮ್ಮ ಹಾಗೆ. ಮಾತುಕತೆಯ ವೈರ್, ಅಂದರೆ ಎರಡು ಬೋರ್ಡ್‌ಗಳ ನಡುವೆ ಡೇಟಾ ಸಾಗಿಸುವ ವೈರ್ ಆದರೆ ಪ್ಯಾನೆಲ್ ಉರಿಯುತ್ತದೆ, ಆದರೆ ಬಟನ್ ಒತ್ತಿದ್ದು ಹಿಂದಕ್ಕೆ ಹೋಗುವುದಿಲ್ಲ. ಅಂಕಿಯ ಬದಲು ಅಡ್ಡಗೆರೆಯೋ ಎರರ್ ಕೋಡೋ ಬರುತ್ತದೆ.

ನಿಮ್ಮ ಊರಿನ ಉಪ್ಪುಗಾಳಿಗೆ ಕನೆಕ್ಟರ್ ಪಿನ್‌ಗೆ ಕಿಲುಬೂ ಹಿಡಿದಿರಬಹುದು. ಅದನ್ನೂ ನೋಡಬೇಕು.

ಸರ್ಕ್ಯೂಟ್_ಮೇಷ್ಟ್ರು (ಮೈಸೂರು)

ಬೆಸುಗೆಯವರು ಹೇಳಿದ್ದು ಸರಿ. ಬಿಚ್ಚುವ ಮೊದಲು ಸುರಕ್ಷತೆಯ ಮಾತು ಹೇಳಲೇಬೇಕು. ಪಾಲಿಟೆಕ್ನಿಕ್‌ನಲ್ಲಿ ಇದೇ ಪಾಠ ಮಾಡುತ್ತೇನೆ, ಮಕ್ಕಳಿಗೂ ಇದನ್ನೇ ಮೊದಲು ಹೇಳುವುದು.

ಹಿಂದುಗಡೆಯ ಮೇನ್ ಬೋರ್ಡ್ ಡಬ್ಬಿಯನ್ನು ಮನೆಯಲ್ಲಿ ತೆಗೆಯಬೇಡಿ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಸುಮಾರು 325 ವೋಲ್ಟ್ ಆಗುತ್ತದೆ. ಅದು ದೊಡ್ಡ ಕೆಪಾಸಿಟರ್‌ನಲ್ಲಿ ತುಂಬಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತದೆ. ಅದು ಕೈಗೆ ಹೊಡೆದರೆ ಹುಡುಗಾಟವಲ್ಲ.

ಈಗಿನ ಫ್ರಿಜ್‌ಗಳಲ್ಲಿ ಬಹಳಷ್ಟು ಆರ್600ಎ ಗ್ಯಾಸಿನವು. ಅದು ಐಸೋಬ್ಯೂಟೇನ್, ಹೊತ್ತಿಕೊಳ್ಳುವ ಗ್ಯಾಸ್. ಫ್ರಿಜ್‌ನಲ್ಲಿ ಇರುವುದು ಹತ್ತಾರು ಗ್ರಾಂ ಮಾತ್ರ. ಪೈಪ್ ಸೋರದಿದ್ದರೆ ಚಿಂತೆಯಿಲ್ಲ. ಆದರೆ ಪೈಪಿನ ಹತ್ತಿರ ಚೂಪಾದ ಉಪಕರಣ ಹಾಕುವುದು, ಕಂಪ್ರೆಸರ್ ಪಕ್ಕ ಬೆಸುಗೆ ಹಾಕುವುದು ಬೇಡ. ಹಿಂದುಗಡೆ ಲೇಬಲ್‌ನಲ್ಲಿ ಗ್ಯಾಸ್ ಹೆಸರು, ತೂಕ ಎರಡೂ ಬರೆದಿರುತ್ತದೆ.

ಹಿಂಜ್ ಹತ್ತಿರ ಬರುವುದು ಸಾಮಾನ್ಯವಾಗಿ 5 ಅಥವಾ 12 ವೋಲ್ಟ್ ಡಿಸಿ. ಹಾಗಂತ ಕರೆಂಟ್ ಇರುವಾಗಲೇ ಮೀಟರ್ ಹಿಡಿಯುವುದು ಬೇಡ. ಕೆಲವು ಬೋರ್ಡ್‌ಗಳಲ್ಲಿ ಈ ಸಣ್ಣ ವೋಲ್ಟೇಜಿನ ಗ್ರೌಂಡ್ ಮೇನ್ಸ್‌ನಿಂದ, ಅಂದರೆ 230 ವೋಲ್ಟ್ ಲೈನಿನಿಂದ, ಬೇರ್ಪಟ್ಟಿರುವುದಿಲ್ಲ. ಬಾಗಿಲಲ್ಲೇ ನೀರು, ಐಸ್ ಬರುವ ದೊಡ್ಡ ಫ್ರಿಜ್‌ಗಳಲ್ಲಿ ಅದೇ ಕಟ್ಟಿನಲ್ಲಿ ಹೀಟರ್ ವೈರೂ ಹೋಗಿರಬಹುದು. ಪ್ಲಗ್ ತೆಗೆದೇ ಮಾಡಿ. ಸ್ವಿಚ್ ಆಫ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್‌ನಲ್ಲಿ ಇರುವ ಮನೆಗಳೂ ಇವೆ, ಅಲ್ಲಿ ಆಫ್ ಮಾಡಿದರೂ ಒಳಗೆ ಕರೆಂಟ್ ಇರುತ್ತದೆ.

ಪರೀಕ್ಷೆ ಹೀಗೆ. ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಕನೆಕ್ಟರ್‌ನ ಚಿಕ್ಕ ನಾಲಿಗೆ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ಮಲ್ಟಿಮೀಟರನ್ನು ಬೀಪ್ ಬರುವ ಕಂಟಿನ್ಯುಟಿ ಮೋಡ್‌ಗೆ ಇಡಿ. ಬಾಗಿಲ ಕಡೆ ಹೋಗುವ ಒಂದು ವೈರಿನ ಎರಡೂ ತುದಿಗೆ ಹಿಡಿದು, ಇನ್ನೊಬ್ಬರಿಗೆ ಬಾಗಿಲನ್ನು ಮೆಲ್ಲಗೆ ಅಲ್ಲಾಡಿಸಲು ಹೇಳಿ. ಬೀಪ್ ತುಂಡಾದರೆ ಅದೇ ವೈರ್. ಆಚೆ ತುದಿಗೆ ತಲುಪಲು ಪ್ಯಾನೆಲ್ ಬಿಚ್ಚಬೇಕಾಗುತ್ತದೆ. ಅದು ಗಟ್ಟಿಯಾಗಿ ಕೂತಿದ್ದರೆ ಬಲ ಹಾಕಬೇಡಿ, ಗಾಜು ಒಡೆಯುತ್ತದೆ. ಆಗ ಹಿಂಜ್ ಬುಡದಲ್ಲಿ ಬೆರಳಿನಿಂದ ಒಂದೊಂದೇ ವೈರನ್ನು ಬಾಗಿಸಿ ನೋಡಿ. ಎಳೆ ತುಂಡಾದ ಕಡೆ ವೈರ್ ಮೆತ್ತಗೆ, ಒಳಗೆ ಏನೂ ಇಲ್ಲದ ಹಾಗೆ ಸಿಗುತ್ತದೆ.

ಬಿಸಿಲೂರು (ಕಲಬುರಗಿ)

ಅಕ್ಕಾರೆ, ನಿಮ್ಮದು ವೈರ್ ಅನ್ನುವುದು ಖಾತ್ರಿ ಆಯಿತು. ನನ್ನದೊಂದು ಬೇರೆ ಪ್ರಶ್ನೆ, ಇಲ್ಲೇ ಕೇಳಿಬಿಡುತ್ತೇನೆ. ನಮ್ಮ ಫ್ರಿಜ್ ಡಿಸ್‌ಪ್ಲೇ ಯಾವಾಗ ನೋಡಿದರೂ 3 ತೋರಿಸುತ್ತದೆ. ಬೇಸಿಗೆಯಲ್ಲಿ ಒಳಗಿನ ನೀರು ತಣ್ಣಗೇ ಇರಲಿಲ್ಲ, ಆಗಲೂ 3. ಇದು ಡಿಸ್‌ಪ್ಲೇ ತೊಂದರೆಯಾ, ಸೆನ್ಸರ್ ತೊಂದರೆಯಾ?

ಸರ್ಕ್ಯೂಟ್_ಮೇಷ್ಟ್ರು (ಮೈಸೂರು)

ಎರಡೂ ಅಲ್ಲದೆ ಇರಬಹುದು ಸರ್. ಬಹಳ ಮಾಡೆಲ್‌ಗಳಲ್ಲಿ ಡಿಸ್‌ಪ್ಲೇ ತೋರಿಸುವುದು ನೀವು ಕೇಳಿದ ಟೆಂಪರೇಚರ್, ಒಳಗೆ ನಿಜವಾಗಿ ಇರುವುದಲ್ಲ. ನೀವು 3 ಅಂತ ಇಟ್ಟಿದ್ದೀರಿ, ಅದು 3 ಅನ್ನುತ್ತಲೇ ಇರುತ್ತದೆ. ಜನ ಇದನ್ನು ನಂಬಿ ಕೂರುತ್ತಾರೆ. ನಿಜ ತಿಳಿಯಬೇಕಾದರೆ ಒಂದು ಲೋಟ ನೀರನ್ನು ನಡುವಿನ ತಟ್ಟೆಯಲ್ಲಿಟ್ಟು, ಅದರೊಳಗೆ ಥರ್ಮಾಮೀಟರ್ ಮುಳುಗಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಓದಿ. ಜ್ವರ ನೋಡುವ ಥರ್ಮಾಮೀಟರ್ ನಡೆಯುವುದಿಲ್ಲ, ಅದು ಅಷ್ಟು ಕೆಳಗಿನ ಅಳತೆ ತೋರಿಸುವುದಿಲ್ಲ. ಫ್ರಿಜ್‌ದೇ ಸಿಗುತ್ತದೆ, ದುಬಾರಿಯೇನಲ್ಲ. 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಫ್ರೀಜರ್‌ನಲ್ಲಿ ಮೈನಸ್ 18.

ನಿಮ್ಮ ಊರಿನ ವಿಚಾರದಲ್ಲಿ ಇನ್ನೊಂದಿದೆ. ಫ್ರಿಜ್‌ನ ಲೇಬಲ್ ಅಥವಾ ಕೈಪಿಡಿಯಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಬರೆದಿರುತ್ತದೆ. ಎನ್ ಅಂದರೆ ಸುತ್ತಲಿನ ಗಾಳಿ 32 ಡಿಗ್ರಿವರೆಗೆ, ಎಸ್‌ಟಿ ಅಂದರೆ 38, ಟಿ ಅಂದರೆ 43. ಕಲಬುರಗಿಯ ಮೇ ತಿಂಗಳಿನ ಅಡುಗೆಮನೆ 43 ದಾಟುವುದು ದೊಡ್ಡ ಮಾತಲ್ಲ. ಫ್ರಿಜ್ ಗೋಡೆಗೆ ಅಂಟಿಕೊಂಡಿದ್ದರೆ, ಒಲೆಯ ಪಕ್ಕ ಇದ್ದರೆ ಇನ್ನೂ ಕಷ್ಟ. ಹಿಂದೆ, ಪಕ್ಕದಲ್ಲಿ ಕೈಪಿಡಿ ಹೇಳಿದಷ್ಟು ಜಾಗ ಬಿಡಿ. ಆಮೇಲೂ ತಣ್ಣಗಾಗದಿದ್ದರೆ ಆಗ ಫ್ಯಾನ್, ಡಿಫ್ರಾಸ್ಟ್, ಸೆನ್ಸರ್ ನೋಡಬೇಕು.

ಬಿಸಿಲೂರು (ಕಲಬುರಗಿ)

ಲೇಬಲ್ ನೋಡಿದೆ ಸರ್, ಎಸ್‌ಟಿ ಅಂತ ಇದೆ. ಇದನ್ನು ಅಂಗಡಿಯವರು ಯಾರೂ ಹೇಳಿರಲಿಲ್ಲ. ಹಿಂದೆ ಎರಡು ಬೆರಳು ಜಾಗವೂ ಇಲ್ಲ. ಇವತ್ತೇ ಎಳೆದು ಇಡಿಸುತ್ತೇನೆ.

ಮಲೆನಾಡ್_ಮಳೆ (ತೀರ್ಥಹಳ್ಳಿ ಹತ್ತಿರ)

ನಮ್ಮಲ್ಲಿ ಡಿಸ್‌ಪ್ಲೇ ಹೋದದ್ದು ಗುಡುಗು ಸಿಡಿಲಿನಿಂದ. ಮುಂಗಾರಿಗೆ ಮುಂಚೆ ಏಪ್ರಿಲ್, ಮೇ ಸಂಜೆ ಹೊಡೆಯುತ್ತದಲ್ಲ, ಆ ಮಳೆ. ಮನೆಯ ಮೇಲೇ ಬೀಳಬೇಕು ಅಂತೇನಿಲ್ಲ, ದೂರದ ಲೈನಿಗೆ ಹೊಡೆದರೂ ಸಾಕು. ಅವತ್ತು ಡಿಸ್‌ಪ್ಲೇ ಕಪ್ಪು, ಒಳಗಿನ ಲೈಟೂ ಇಲ್ಲ, ಕಂಪ್ರೆಸರೂ ಇಲ್ಲ. ಅಂದರೆ ಎಲ್ಲವೂ ಒಟ್ಟಿಗೆ ಹೋದರೆ ಅದು ಮೇನ್ ಬೋರ್ಡ್ ಕಡೆಯ ಸಮಸ್ಯೆ. ಅಕ್ಕನ ಕೇಸಿಗೂ ಇದಕ್ಕೂ ವ್ಯತ್ಯಾಸ ಅಲ್ಲೇ ಇದೆ.

ನಮ್ಮ ಹುಡುಗ ಬಿಚ್ಚಿ ತೋರಿಸಿದ. ಕರೆಂಟ್ ಒಳಬರುವ ಜಾಗದಲ್ಲಿ ಬಿಲ್ಲೆಯ ಆಕಾರದ ನೀಲಿ ಬಣ್ಣದ ಒಂದು ಪಾರ್ಟ್ ಸೀಳಿ ಎರಡಾಗಿತ್ತು, ಸುತ್ತ ಕಪ್ಪು ಮಸಿ. ಅದರ ಪಕ್ಕದ ಫ್ಯೂಸ್ ಸುಟ್ಟಿತ್ತು. ಆ ಬಿಲ್ಲೆ ವೇರಿಸ್ಟರ್ ಅಂತೆ. ವೋಲ್ಟೇಜ್ ಮಿತಿ ಮೀರಿದಾಗ ಅದು ತಾನು ಸತ್ತು ಫ್ಯೂಸ್ ಕಡಿಯುತ್ತದೆ, ಉಳಿದ ಬೋರ್ಡ್ ಬದುಕುತ್ತದೆ. ಎರಡನ್ನೂ ಬದಲಿಸಿದ, ಫ್ರಿಜ್ ಎದ್ದು ಕೂತಿತು. ಬೋರ್ಡ್ ಪೂರ್ತಿ ಬದಲಿಸಿದ್ದರೆ ಎಷ್ಟಾಗುತ್ತಿತ್ತೋ.

ಇನ್ನೊಂದು, ಹಳ್ಳಿ ಕಡೆ ಹಿಂದಿನ ಬೋರ್ಡ್ ಡಬ್ಬಿಯ ಬೆಚ್ಚಗಿನ ಜಾಗಕ್ಕೆ ಹಲ್ಲಿ, ಜಿರಳೆ, ಇರುವೆ ಸೇರುತ್ತವೆ. ಹಲ್ಲಿ ಎರಡು ಪಿನ್‌ಗೆ ಅಡ್ಡ ಬಿದ್ದರೆ ಮುಗಿಯಿತು. ಇಲಿ ವೈರ್ ಕಡಿದದ್ದೂ ನೋಡಿದ್ದೇನೆ. ಮೆಕ್ಯಾನಿಕ್ ಬಂದಾಗ ಡಬ್ಬಿಯ ತೂತುಗಳು ಸರಿಯಾಗಿ ಮುಚ್ಚಿವೆಯಾ ಅಂತ ಕೇಳಿ.

ಕರಾವಳಿಗ

ಸ್ಟೆಬಿಲೈಜರ್ ಇರಲಿಲ್ವಾ ಮಾರಾಯ್ರೆ?

ಮಲೆನಾಡ್_ಮಳೆ (ತೀರ್ಥಹಳ್ಳಿ ಹತ್ತಿರ)

ಇತ್ತು. ಸ್ಟೆಬಿಲೈಜರ್ ನಿಧಾನಕ್ಕೆ ಏರುವ ಇಳಿಯುವ ವೋಲ್ಟೇಜಿಗೆ. ಸಿಡಿಲಿನ ಹೊಡೆತ ಅದಕ್ಕೆ ಕೈಗೆ ಸಿಗದಷ್ಟು ವೇಗ. ಅದಕ್ಕೆ ಮೇನ್ ಬಾಕ್ಸ್‌ನಲ್ಲಿ ಸರ್ಜ್ ಪ್ರೊಟೆಕ್ಟರ್ ಬೇಕು, ಅದು ಕೆಲಸ ಮಾಡಲು ಒಳ್ಳೆಯ ಅರ್ಥಿಂಗ್ ಬೇಕು. ಇಷ್ಟೆಲ್ಲ ಇದ್ದರೂ ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆಯುವುದನ್ನು ನಾವು ಬಿಟ್ಟಿಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ಫ್ರೀಜರ್ ತುಂಬಿದ್ದರೆ ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ ತಡೆಯುತ್ತದೆ.

ಲೈನಿನಲ್ಲಿ ನ್ಯೂಟ್ರಲ್ ಸಡಿಲವಾದರೆ ಮನೆಗೆ 400 ವೋಲ್ಟ್ ಹತ್ತಿರ ಬರಬಹುದು. ಬಲ್ಬ್ ಇದ್ದಕ್ಕಿದ್ದಂತೆ ಜಾಸ್ತಿ ಪ್ರಕಾಶವಾದರೆ, ಒಂದು ಕೋಣೆಯಲ್ಲಿ ಮಂಕು ಇನ್ನೊಂದರಲ್ಲಿ ಝಗಝಗ ಆದರೆ, ಮೊದಲು ಮೇನ್ ಆಫ್ ಮಾಡಿ ಆಮೇಲೆ ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಅಡುಗೆಮನೆ_ಅತ್ತೆ (ಶಿರಸಿ)

ನಮ್ಮ ಪ್ಯಾನೆಲ್ ಆರುವುದಿಲ್ಲ, ತಾನಾಗಿ ಬಟನ್ ಒತ್ತಿಕೊಳ್ಳುತ್ತದೆ! ರಾತ್ರಿ ಬೀಪ್ ಬೀಪ್ ಅನ್ನುತ್ತದೆ, ಬೆಳಿಗ್ಗೆ ನೋಡಿದರೆ ಸೆಟ್ಟಿಂಗ್ ಬದಲಾಗಿರುತ್ತದೆ. ಬಾಗಿಲಿನ ಹಿಡಿ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ. ಇದಕ್ಕೂ ವೈರೇ ಕಾರಣವಾ?

ಸರ್ಕ್ಯೂಟ್_ಮೇಷ್ಟ್ರು (ಮೈಸೂರು)

ಅಮ್ಮಾ, ಜುಮ್ ಅನ್ನುವುದನ್ನು ಮೊದಲು ನೋಡಿಸಿ, ಪ್ಯಾನೆಲ್ ಆಮೇಲೆ. ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ ಪಾಯಿಂಟ್‌ನಲ್ಲಿ ಅರ್ಥಿಂಗ್ ಇದೆಯಾ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಫ್ರಿಜ್ ಮುಟ್ಟಬೇಡಿ.

ಎರಡಕ್ಕೂ ಸಂಬಂಧ ಇದೆ. ಇನ್ವರ್ಟರ್ ಫ್ರಿಜ್‌ನ ಬೋರ್ಡ್‌ನಲ್ಲಿ ವಿದ್ಯುತ್ ಗದ್ದಲ (ಶಬ್ದವಲ್ಲ, ಬೇರೆ ಉಪಕರಣಗಳಿಗೆ ಅಡ್ಡಿ ಮಾಡುವ ಸಂಕೇತ) ತಡೆಯಲು ಲೈನ್, ನ್ಯೂಟ್ರಲ್ ಎರಡರಿಂದಲೂ ಅರ್ಥ್‌ಗೆ ಸಣ್ಣ ಕೆಪಾಸಿಟರ್‌ಗಳನ್ನು ಹಾಕಿರುತ್ತಾರೆ. ಅರ್ಥಿಂಗ್ ಸರಿ ಇದ್ದರೆ ಆ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಫ್ರಿಜ್ ಮೈಯೆಲ್ಲ 230ರ ಅರ್ಧ, ಅಂದರೆ 115 ವೋಲ್ಟ್ ಹತ್ತಿರ ತೇಲುತ್ತಿರುತ್ತದೆ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ. ಆ ಕರೆಂಟ್ ತೀರಾ ಸಣ್ಣದು. ಆದರೆ ಒಳಗೆ ನಿಜವಾದ ಲೀಕೇಜ್ ಆದ ದಿನ ಕಾಪಾಡುವ ಅರ್ಥಿಂಗ್ ಅಲ್ಲಿಲ್ಲ. ಹೆದರಬೇಕಾದ್ದು ಅದಕ್ಕೆ.

ಟಚ್ ಬಟನ್ ಗೊತ್ತುಮಾಡುವುದು ಬೆರಳು ಹತ್ತಿರ ಬಂದಾಗ ಆಗುವ ಅತಿ ಸಣ್ಣ ವಿದ್ಯುತ್ ಬದಲಾವಣೆಯನ್ನು. ಮೈಯೇ ತೇಲುತ್ತಿದ್ದರೆ ಅದಕ್ಕೆ ಗೊಂದಲ. ಮೇಲಿಂದ ಶಿರಸಿಯ ಮಳೆಗಾಲ, ಗಾಜಿನ ಮೇಲೆ ನೀರಿನ ಪಸೆ. ಅದನ್ನೂ ಬೆರಳು ಅಂದುಕೊಳ್ಳುತ್ತದೆ. ಅರ್ಥಿಂಗ್ ಸರಿಮಾಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಲಾಕ್ ಹಾಕಿಡಿ. ಒರೆಸುವಾಗ ಪ್ಯಾನೆಲ್ ಮೇಲೆ ನೇರವಾಗಿ ಸ್ಪ್ರೇ ಹೊಡೆಯಬೇಡಿ, ಅಂಚಿನಿಂದ ಒಳಗೆ ಇಳಿಯುತ್ತದೆ.

ಪಂಚಗಂಗಾವಳಿ (ಕುಂದಾಪುರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ನಮ್ಮ ಭಾವನವರ ಮಗ ಬಂದಿದ್ದ, ಅವನು ಎಲೆಕ್ಟ್ರಿಷಿಯನ್. ಪ್ಲಗ್ ತೆಗೆದು, ಮೀನು, ದೋಸೆ ಹಿಟ್ಟು ಎಲ್ಲ ಪಕ್ಕದ ಮನೆಗೆ ಸಾಗಿಸಿ ಶುರು ಮಾಡಿದೆವು.

ಮುಚ್ಚಳಕ್ಕೆ ಒಂದೇ ಸ್ಕ್ರೂ. ತೆಗೆದಾಗ ಒಳಗೆ ಬಿಳಿ ಕನೆಕ್ಟರ್, ಐದು ವೈರ್. ಒಂದು ಪಿನ್ನಿನ ಸುತ್ತ ಹಸಿರು ಕಿಲುಬು ಪುಡಿಪುಡಿಯಾಗಿ ಕಟ್ಟಿತ್ತು. ವೈರ್‌ಗಳು ಹಿಂಜ್ ಪಿನ್ ಒಳಗೆ ಇಳಿಯುವ ಬಾಯಲ್ಲಿ ಕೆಂಪು ವೈರ್ ಹೊರಗೆ ಪೂರ್ತಿ ಸರಿಯಾಗೇ ಕಾಣುತ್ತಿತ್ತು. ಅವನು ಉಗುರಿನಿಂದ ಒತ್ತುತ್ತಾ ಬಂದ. ಒಂದು ಕಡೆ ವೈರ್ ಹಗ್ಗದ ಹಾಗೆ ಮಡಚಿಕೊಂಡಿತು. ಅಲ್ಲಿ ಸಿಪ್ಪೆ ಸೀಳಿ ನೋಡಿದರೆ ಒಳಗೆ ತಾಮ್ರದ ಒಂದು ಎಳೆ ಮಾತ್ರ ತುದಿಗೆ ತುದಿ ಮುಟ್ಟಿಕೊಂಡಿದೆ, ಉಳಿದವು ಕಪ್ಪಾಗಿ ತುಂಡಾಗಿವೆ. ಆ ಒಂದು ಎಳೆಯೇ ಬಾಗಿಲು ಅರ್ಧ ತೆರೆದಾಗ ಮುಟ್ಟುತ್ತಿತ್ತು, ಮುಚ್ಚಿದಾಗ ಬಿಡುತ್ತಿತ್ತು.

ಈಗ ಅವನ ಪ್ರಶ್ನೆ, ತುಂಡಾದ ಜಾಗದಲ್ಲೇ ಬೆಸುಗೆ ಹಾಕಿಬಿಡಲಾ ಅಂತ.

ಬೆಸುಗೆ_ಬಾಕ್ಸ್ (ದಾವಣಗೆರೆ)

ಅಲ್ಲೇ ಬೇಡ ಅಂತ ಹೇಳಿ ಅಕ್ಕ! ಬೆಸುಗೆ ಹಾಕಿದ ಕಡೆ ಸೀಸ ಎಳೆಗಳ ಒಳಗೆ ಹರಿದು ವೈರ್ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಬಳುಕುವ ಜಾಗದಲ್ಲಿ ಗಟ್ಟಿ ಆದರೆ ಅದರ ಅಂಚಿನಲ್ಲೇ ಮತ್ತೆ ತುಂಡಾಗುತ್ತದೆ. ಕೆಲವೇ ತಿಂಗಳಲ್ಲಿ ಮತ್ತೆ ಕರೆಯುತ್ತಾರೆ.

ಸರಿಯಾದ ರೀತಿ ಏನೆಂದರೆ, ಬಳುಕುವ ತುಂಡಿನಷ್ಟನ್ನೂ ಹೊಸ ವೈರ್ ಮಾಡಬೇಕು. ಎರಡು ಬೆಸುಗೆಯೂ ಅಲ್ಲಾಡದ ಜಾಗಕ್ಕೆ ಬರಬೇಕು. ಒಂದು ಬೆಸುಗೆ ಫ್ರಿಜ್ ತಲೆಯ ಮೇಲೆ ಮುಚ್ಚಳದ ಒಳಗೆ, ಇನ್ನೊಂದು ಬಾಗಿಲಿನ ಮೇಲಂಚಿನ ಒಳಗೆ. ಇದಕ್ಕೆ ಹಿಂಜ್ ಬಿಚ್ಚಿ ಬಾಗಿಲು ಎತ್ತಬೇಕಾಗುತ್ತದೆ. ಬಾಗಿಲು ಭಾರ ಇರುತ್ತದೆ, ಒಬ್ಬರು ಪೂರ್ತಿ ಹಿಡಿದೇ ಇರಲಿ. ಹಿಂಜ್ ಕೆಳಗಿನ ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅದು ತಪ್ಪಿದರೆ ಬಾಗಿಲು ವಾಲುತ್ತದೆ, ರಬ್ಬರ್ ಸರಿಯಾಗಿ ಕೂರುವುದಿಲ್ಲ.

ವೈರ್ ಸಿಲಿಕೋನ್ ಹೊದಿಕೆಯದ್ದು ತಗೊಳ್ಳಲಿ, ಎಳೆ ಜಾಸ್ತಿ ಇರುವುದು. ಗಟ್ಟಿ ಪಿವಿಸಿ ವೈರ್ ಬೇಡ. ಒಂದು ತುಂಡಾಗಿದೆ ಅಂದರೆ ಪಕ್ಕದವೂ ಅಷ್ಟೇ ಸಲ ಬಳುಕಿವೆ. ಐದನ್ನೂ ಬದಲಿಸಿಬಿಡಲಿ, ಬಣ್ಣ ಅದಲುಬದಲಾಗದ ಹಾಗೆ ಒಂದೊಂದೇ ಕತ್ತರಿಸಿ ಒಂದೊಂದೇ ಸೇರಿಸಲಿ. ಪ್ರತಿ ಬೆಸುಗೆಗೂ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ. ಇನ್ಸುಲೇಷನ್ ಟೇಪ್ ಬೇಡ, ನಿಮ್ಮ ಕಡೆಯ ಸೆಕೆಗೆ ಅಂಟು ಬಿಡುತ್ತದೆ. ಸ್ವಲ್ಪ ಸಡಿಲ ಇರಲಿ, ಬಿಗಿಯಾಗಿ ಎಳೆಯಬೇಡಿ.

ಕಿಲುಬು ಹಿಡಿದ ಪಿನ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಪೂರ್ತಿ ಒಣಗಿದ ಮೇಲೆ ಪ್ಲಗ್ ಹಾಕಿ. ಪಿನ್ ಸವೆದು ತೆಳ್ಳಗಾಗಿದ್ದರೆ ಕನೆಕ್ಟರನ್ನೇ ಬದಲಿಸಬೇಕು.

ಗ್ರಾಹಕ_ಮಿತ್ರ (ಬೆಂಗಳೂರು)

ಮಧ್ಯೆ ಒಂದು ಮಾತು. ವಾರಂಟಿ ಇರುವವರು ಇದನ್ನು ಮನೆಯಲ್ಲಿ ಮಾಡಬೇಡಿ, ಬಿಚ್ಚಿದ್ದನ್ನೇ ನೆಪ ಮಾಡುತ್ತಾರೆ. ಸರ್ವಿಸ್‌ನವರು ಬೋರ್ಡ್ ಬದಲಿಸಬೇಕು ಅಂದರೆ ಯಾವ ಬೋರ್ಡ್, ಏನು ಅಳೆದು ಹಾಗೆ ಹೇಳಿದಿರಿ, ಎಷ್ಟಾಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಹಳೆಯ ಬೋರ್ಡನ್ನು ವಾಪಸ್ ಕೇಳಿ. ಹೊಸದಕ್ಕೆ ಎಷ್ಟು ದಿನ ಗ್ಯಾರಂಟಿ ಅಂತ ಬಿಲ್‌ನಲ್ಲಿ ಬರೆಸಿ. ಮಾತು ಬೆಳೆದರೆ 1915, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಕೇಸಿಗೆ ಶುಲ್ಕ ಇಲ್ಲ. ಬಿಲ್ ಮಾತ್ರ ಜೋಪಾನ, ಬಿಸಿಗೆ ಅಕ್ಷರ ಅಳಿಸಿಹೋಗುವ ಕಾಗದ ಅದು. ತಗೊಂಡ ದಿನವೇ ಫೋಟೋ ತೆಗೆದಿಡಿ.

ಹೊಸಬ (ಹುಬ್ಬಳ್ಳಿ)

ನಮ್ಮ ಡಿಸ್‌ಪ್ಲೇನಲ್ಲಿ 8 ಬರಬೇಕಾದ ಕಡೆ 6ರ ಹಾಗೆ ಕಾಣುತ್ತದೆ. ಎಲ್ಲ ಅಂಕಿಗಳಲ್ಲೂ ಬಲಗಡೆ ಮೇಲಿನ ಗೆರೆ ಇಲ್ಲ. ಇದೂ ಹಿಂಜ್ ವೈರಾ?

ಸರ್ಕ್ಯೂಟ್_ಮೇಷ್ಟ್ರು (ಮೈಸೂರು)

ಅಲ್ಲ. ಇದು ಪ್ಯಾನೆಲ್ ಬೋರ್ಡ್‌ನೊಳಗಿನದ್ದು. ಒಂದು ಅಂಕಿಯಲ್ಲಿ ಏಳು ಗೆರೆ. ಎಲ್ಲ ಅಂಕಿಗಳ ಒಂದೇ ಜಾಗದ ಗೆರೆಗಳನ್ನು ಒಂದೇ ತಂತಿಗೆ ಸೇರಿಸಿರುತ್ತಾರೆ, ಅಂಕಿಗಳನ್ನು ಒಂದಾದ ಮೇಲೊಂದು ಕಣ್ಣಿಗೆ ತಿಳಿಯದಷ್ಟು ಬೇಗ ಉರಿಸುತ್ತಾರೆ. ಹಾಗಾಗಿ ಎಲ್ಲ ಅಂಕಿಗಳಲ್ಲೂ ಅದೇ ಗೆರೆ ಹೋದರೆ ಆ ತಂತಿಯ ಬೆಸುಗೆ ಬಿಟ್ಟಿದೆ ಅಥವಾ ಅದನ್ನು ಉರಿಸುವ ಭಾಗ ಹೋಗಿದೆ. ಒಂದು ಅಂಕಿ ಪೂರ್ತಿ ಹೋದರೆ ತೊಂದರೆ ಆ ಅಂಕಿಯ ಎಲ್ಲ ಗೆರೆಗಳಿಗೂ ಸೇರಿದ ಒಂದೇ ಪಿನ್‌ನಲ್ಲಿ. ಒಂದೇ ಅಂಕಿಯಲ್ಲಿ ಒಂದೇ ಗೆರೆ ಹೋದರೆ ಆ ಎಲ್‌ಇಡಿಯೇ ಸತ್ತಿದೆ. ನಿಮ್ಮದು ಮೊದಲನೆಯದು. ಪ್ಯಾನೆಲ್ ಬೋರ್ಡನ್ನು ಒಳ್ಳೆಯ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ಕೊಡಿ, ಪಿನ್‌ಗಳ ಬೆಸುಗೆ ಹೊಸದಾಗಿ ಹಾಕಿಸಿದರೆ ಬಹಳ ಸಲ ಬಂದುಬಿಡುತ್ತದೆ. ಅಲ್ಲಿಯವರೆಗೆ ಫ್ರಿಜ್ ಧೈರ್ಯವಾಗಿ ಬಳಸಿ.

ಪಂಚಗಂಗಾವಳಿ (ಕುಂದಾಪುರ)

ಆಯಿತು! ಐದೂ ವೈರ್ ಬದಲಾಯಿತು. ಸಿಲಿಕೋನ್ ವೈರ್ ಇಲ್ಲಿ ಸಿಗಲಿಲ್ಲ, ಉಡುಪಿಯಿಂದ ತರಿಸಿದ. ಬಾಗಿಲನ್ನು ಯಜಮಾನರು ಹಿಡಿದು ನಿಂತಿದ್ದರು. ಪ್ಲಗ್ ಹಾಕಿದ ಕೂಡಲೇ ಬೀಪ್, 88, ಆಮೇಲೆ ಮೈನಸ್ 18 ಮತ್ತು 3. ಬಾಗಿಲು ಎಷ್ಟು ಸಲ ತೆಗೆದು ಹಾಕಿದರೂ ಮಿಣಕ್ ಅನ್ನಲಿಲ್ಲ. ವೈರ್, ಸ್ಲೀವ್, ಸ್ಪ್ರೇ ಎಲ್ಲ ಸೇರಿ ಐನೂರು ರೂಪಾಯಿ ಒಳಗೆ ಮುಗಿಯಿತು. ಮೇಷ್ಟ್ರು ಹೇಳಿದ ಲೋಟದ ಪರೀಕ್ಷೆಯನ್ನೂ ಮಾಡಿದೆ, ಬೆಳಿಗ್ಗೆ 4 ಡಿಗ್ರಿ ಇತ್ತು.

ಒಂದು ಕೊನೆಯ ಪ್ರಶ್ನೆ. ಮುಂದೆ ಬೇಕಾದೀತು ಅಂತ ಒಂದು ಡಿಸ್‌ಪ್ಲೇ ಬೋರ್ಡ್ ಆನ್‌ಲೈನ್‌ನಲ್ಲಿ ತರಿಸಿಡಲಾ? ನೋಡಲು ನಮ್ಮದರ ಹಾಗೇ ಇದೆ, ಕಡಿಮೆ ಬೆಲೆಗೆ ಸಿಗುತ್ತಿದೆ.

ಬೆಸುಗೆ_ಬಾಕ್ಸ್ (ದಾವಣಗೆರೆ)

ಬೇಡ ಅಕ್ಕ. ನೋಡಲು ಒಂದೇ ಇದ್ದರೂ ಒಳಗಿನ ಪ್ರೋಗ್ರಾಂ ಬೇರೆ ಇರುತ್ತದೆ. ಮೇನ್ ಬೋರ್ಡ್ ಜೊತೆ ಮಾತೇ ಆಡುವುದಿಲ್ಲ, ಬರೀ ಎರರ್ ತೋರಿಸುತ್ತದೆ. ಬೋರ್ಡ್ ಹಿಂದಿನ ಸ್ಟಿಕ್ಕರ್ ನಂಬರ್ ಕೊನೆಯ ಅಕ್ಷರದವರೆಗೂ ತಾಳೆ ಆದರೆ ಮಾತ್ರ ತಗೊಳ್ಳಬೇಕು. ಫ್ರಿಜ್ ಒಳಗೋಡೆಯಲ್ಲಿರುವ ಮಾಡೆಲ್ ಸ್ಟಿಕ್ಕರ್ ಫೋಟೋ ತೆಗೆದಿಡಿ, ಅಷ್ಟು ಸಾಕು. ಮಳೆಗಾಲ ಮುಗಿದ ಮೇಲೆ ಒಮ್ಮೆ ಆ ಮುಚ್ಚಳ ತೆಗೆದು ಕನೆಕ್ಟರ್‌ಗೆ ಕಿಲುಬು ಬಂದಿದೆಯಾ ನೋಡಿಸಿ.